ನೀರೊಳಗೇ ಉಸಿರುಗಟ್ಟುವ ಮೀನು

ಸಂಕಟವನ್ನು ಹೇಳಬೇಕಾದಾಗಲೆಲ್ಲ ನಮ್ಮ ಬರಹಗಾರರಿಗೆ ನೀರಿನಿಂದ ಹೊರತೆಗೆದ ಮೀನು ನೆನಪಾಗುತ್ತದೆ. ನೀರಿನಲ್ಲಿದ್ದರೆ ಮೀನು ಸುಖವಾಗಿರುತ್ತದೆ ಎಂಬ ನಂಬಿಕೆ ಈ ಹೋಲಿಕೆಯೊಳಗೇ ಅಡಗಿದೆ. ವಿಶ್ವೇಶ್ವರಪುರಂನ ಮನೆಗಳ ಹಜಾರದಲ್ಲೋ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೋ ಇರುವ ಗುಂಡನೆಯ ಗಾಜಿನ ಬೌಲ್ ಈ ನಂಬಿಕೆಯ ಫಲ. ಅದರ ಕತ್ತಿನವರೆಗೂ ನೀರು ತುಂಬಿರುತ್ತದೆ. ಗೋಲ್ಡ್‌ಫಿಶ್ ಬಾಯಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿರುತ್ತದೆ. ಮಕ್ಕಳಿಗೆ ನಾವು ಹೇಳುವುದು: ‘ನೋಡು, ಮೀನು ಮಾತಾಡ್ತಿದೆ!’

ಅದು ಏದುಸಿರು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 25 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಕರಗಿರಬಲ್ಲದ್ದು ಎಂಟು ಮಿಲಿಗ್ರಾಂ ಆಸುಪಾಸು. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇನ್ನೂ ಕಡಿಮೆ. ಬೇಸಿಗೆಯಲ್ಲಿ ಮತ್ತೂ ಕಡಿಮೆ. ಈ ಆಮ್ಲಜನಕ ಮುಖ್ಯವಾಗಿ ನೀರಿನ ಮೇಲ್ಮೈಯಿಂದ ಒಳಗಿಳಿಯುತ್ತದೆ. ಪಂಪಿನ ಗುಳ್ಳೆಗಳ ದೊಡ್ಡ ಕೆಲಸವೆಂದರೆ ತಳದ ನೀರನ್ನು ಮೇಲಕ್ಕೆ ತಂದು ಮೇಲ್ಮೈಯನ್ನು ಕದಡುವುದು. ಕಿರಿದಾದ ಕತ್ತಿನವರೆಗೆ ನೀರು ತುಂಬುವವರು ಆ ಬಾಗಿಲನ್ನೇ ಮುಚ್ಚುತ್ತಾರೆ.

ಇನ್ನು ರಾತ್ರಿ ‘ಗೊರಗೊರ ಸದ್ದು, ನಿದ್ದೆ ಬರಲ್ಲ’ ಎಂದು ಪಂಪ್ ಆರಿಸುವವರಿದ್ದಾರೆ. ತೊಟ್ಟಿಯಲ್ಲಿ ಗಿಡಗಳಿದ್ದರೆ ಕತ್ತಲಲ್ಲಿ ಅವೂ ಆಮ್ಲಜನಕವನ್ನೇ ಬಳಸುತ್ತವೆ. ಅಂದರೆ ಗಾಳಿ ಹೆಚ್ಚು ಬೇಕಾದ ಹೊತ್ತಿಗೇ ನಾವು ಗುಂಡಿ ಒತ್ತುತ್ತೇವೆ.

‘ಫೈಟರ್ ಮೀನಿಗೆ ಪಂಪ್ ಬೇಡ’ ಎಂಬ ವಾದವಿದೆ. ನಿಜ, ಅದು ಮೇಲೆ ಬಂದು ನೇರವಾಗಿ ಗಾಳಿ ಕುಡಿಯಬಲ್ಲದು. ಆದರೆ ಆ ವಿನಾಯಿತಿಯನ್ನು ಗೋಲ್ಡ್‌ಫಿಶ್‌ಗೂ ಹಂಚುವುದು ವ್ಯಾಪಾರದ ಜಾಣತನ. ಫೈಟರ್‌ಗಾದರೂ ಕೊಳೆತ ನೀರು ಕೊಳೆತ ನೀರೇ.

ಇದು ಬೌಲಿಗೆ ಮುಗಿಯುವ ಮಾತಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಅವನ್ನು ಯಾರೂ ದಡಕ್ಕೆ ಎಸೆದಿರಲಿಲ್ಲ. ಕೊಳಚೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ತಿಂದುಹಾಕುತ್ತವೆ. ಬಿಸಿಲು ಉಳಿದದ್ದನ್ನೂ ಇಳಿಸುತ್ತದೆ. ಕೊಳಚೆ ನಿಲ್ಲಿಸದೆ ಕಾರಂಜಿ ಹಾಕಿಸುವ ಊರಿಗೂ, ಗುಳ್ಳೆಯನ್ನು ಅಲಂಕಾರವೆಂದು ತಿಳಿಯುವ ಮನೆಗೂ ಕಾಯಿಲೆ ಒಂದೇ: ನೋಟಕ್ಕೆ ನೀರಿದ್ದರೆ ಸಾಕು.

ಸಾಲದು. ಅಗಲ ಬಾಯಿಯ ತೊಟ್ಟಿ, ಕಡಿಮೆ ಮೀನು, ಹಗಲುರಾತ್ರಿ ಓಡುವ ಪಂಪ್, ಕರೆಂಟ್ ಹೋದಾಗ ಮಗ್ಗಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುವಷ್ಟು ತಾಳ್ಮೆ: ಇಷ್ಟು ಆಗದವರು ಮೀನು ಸಾಕಬಾರದು. ಗಾಜಿನ ಬೌಲಿನಲ್ಲಿ ಹೂ ತೇಲಿಬಿಡಲಿ.