ಹಳ್ಳದ ನೀರು, ಹಳ್ಳಿಯ ದೀಪ

ಮಳೆಗಾಲವು ನೆಲೆಗೊಂಡಿತೆಂದರೆ ಹಾನಗಲ್ಲ ಸೀಮೆಯ ಕೆರೆಗಳ ಕೋಡಿಗಳು ಒಂದಾದ ಮೇಲೊಂದು ಹರಿಯತೊಡಗುತ್ತವೆ. ಧರ್ಮಾ ನದಿಯು ಒಡ್ಡನ್ನು ಹಾಯ್ದು ವರದೆಯನ್ನು ಕೂಡಲು ಧಾವಿಸುತ್ತದೆ. ಹಿರೇಕೆರೂರ ಸೀಮೆಯಲ್ಲಿ ಕುಮುದ್ವತಿಯು ಮದಗ-ಮಾಸೂರ ಕೆರೆಯನ್ನು ತುಂಬಿ ಬಂಡೆಗಳ ಮೇಲಿಂದ ಧುಮುಕುತ್ತಿರಲು, ಅದನ್ನು ಕಾಣಲೆಂದು ಜನರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಅದೇ ದಿನಗಳಲ್ಲಿ ಗಾಳಿಮಳೆಗೆ ತಂತಿ ಹರಿದು, ಅದೇ ನೀರಿನ ದಂಡೆಯ ಹಳ್ಳಿಗಳಲ್ಲಿ ದೀಪವಾರಿರುತ್ತದೆ. ಕಣ್ಣೆದುರಿನಲ್ಲಿಯೇ ಬಲವು ಹರಿದುಹೋಗುತ್ತಿರಲು ನಾವು ಕತ್ತಲೆಯಲ್ಲಿ ಕುಳಿತಿರುವದು ನಮ್ಮ ದೈವವೋ ಅಥವಾ ನಮ್ಮ ಅಲಕ್ಷ್ಯವೋ ಎಂಬ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ನೀರಗಾಲಿಯಿಂದ ವಿದ್ಯುತ್ತನ್ನು ಪಡೆಯುವ ಮಾತು ನಮ್ಮ ಭಾಗದಲ್ಲಿ ಈಗ ಹೊಸದಲ್ಲ. 2020ರಲ್ಲಿ ನೆರೆಯ ಗದಗ ಜಿಲ್ಲೆಯ ರೈತನೊಬ್ಬನು ಮನೆಯ ಬಳಿಯ ಕಾಲುವೆಯಲ್ಲಿ ತಾನೇ ಗಾಲಿಯೊಂದನ್ನು ನಿಲ್ಲಿಸಿ, ಸುಮಾರು 5,000 ರೂಪಾಯಿಗಳ ವೆಚ್ಚದಲ್ಲಿ 150 ವ್ಯಾಟ್ ವಿದ್ಯುತ್ತನ್ನು ಪಡೆದನೆಂದು ಪತ್ರಿಕೆಗಳು ವರದಿ ಮಾಡಿದವು. ದೇಶವೆಲ್ಲ ಆತನನ್ನು ಕೊಂಡಾಡಿತು; ಕೊಂಡಾಡತಕ್ಕದ್ದೇ ಸರಿ. ಆದರೆ ಕೊಂಡಾಡಿ ಸುಮ್ಮನಾಗುವದು ನಮ್ಮ ಹಳೆಯ ಜಾಡ್ಯವು. ಒಬ್ಬನ ಸಾಹಸವು ಊರಿನ ಸೊತ್ತಾಗಬೇಕಾದರೆ ಅದರ ಲೆಕ್ಕವನ್ನು ಊರು ತಿಳಿದಿರಬೇಕು.

ನೀರಿನ ಬಲವನ್ನು ದುಡಿಸಿಕೊಳ್ಳುವದು ಕನ್ನಡಿಗರಿಗೆ ಪರಕೀಯ ವಿದ್ಯೆಯಲ್ಲ. ಗೋಕಾಕ ಜಲಪಾತದ ನೀರಿನ ಬಲದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ನೂಲಿನ ಗಿರಣಿಯು ನಡೆಯಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯು ಸುಮಾರು 147 ಕಿಲೋಮೀಟರ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳಿಸಿದಳು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ ಅಂದು ನಾಡು ಹರಿದು ಹಂಚಿಹೋಗಿತ್ತು. ವರದೆಯು ಹುಟ್ಟುವದು ಮೈಸೂರ ಸಂಸ್ಥಾನದಲ್ಲಿ. ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರಗಳು ಮುಂಬಯಿ ಪ್ರಾಂತದಲ್ಲಿ. ಸವಣೂರು 1948ರ ವರೆಗೆ ನವಾಬರ ಆಳಿಕೆಯಲ್ಲಿ. ಒಂದೇ ನೀರಿಗೆ ಹಲವು ಒಡೆತನಗಳಿರಲು, ಅದರ ಬಲವನ್ನು ಒಂದು ಮನಸ್ಸಿನಿಂದ ಯೋಚಿಸುವವರಾರು? 1956ರ ನವೆಂಬರ 1ರಂದು ಆ ಅಡ್ಡಗೋಡೆಗಳು ಬಿದ್ದವು. ಶರಾವತಿಯ ವಿದ್ಯುತ್ತು ಇಂದು ನಾಡಿನ ಎಲ್ಲರದಾಗಿದೆ. ದೊಡ್ಡ ನದಿಗಳ ಕೆಲಸವು ಹೀಗೆ ನಡೆಯಿತು. ಸಣ್ಣ ಹಳ್ಳಗಳ ಕೆಲಸವು ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಹಳ್ಳದ ದಂಡೆಯ ಜನರೇ ಮಾಡಬೇಕು.

ಇನ್ನು ಲೆಕ್ಕಕ್ಕೆ ಬರೋಣ. ನೀರಿನ ಬಲವು ಎರಡು ಸಂಗತಿಗಳನ್ನು ಅವಲಂಬಿಸಿದೆ: ಎಷ್ಟು ನೀರು, ಎಷ್ಟು ಎತ್ತರದಿಂದ. ಕ್ಷಣಕ್ಕೆ, ಅಂದರೆ ಒಂದು ಸೆಕೆಂಡಿಗೆ, 100 ಲೀಟರ ನೀರು ಒಂದು ಮೀಟರ ಎತ್ತರದಿಂದ ಬಿದ್ದರೆ ಅದರಲ್ಲಿರುವ ಬಲವು ಸುಮಾರು 980 ವ್ಯಾಟ್. ಗಾಲಿ, ಪಟ್ಟಾ, ಡೈನಮೊಗಳಲ್ಲಿ ಅರ್ಧವು ನಷ್ಟವಾಯಿತೆಂದು ಹಿಡಿದರೂ 490 ವ್ಯಾಟ್ ಕೈಗೆ ಸಿಗುತ್ತದೆ. ಇದು 9 ವ್ಯಾಟಿನ ಐವತ್ತು ದೀಪಗಳಿಗೆ ಸಾಕು. ಗಾಲಿಗೆ ಹಗಲಿರುಳಿಲ್ಲ, ಅದು ಎಡೆಬಿಡದೆ ತಿರುಗಿದರೆ ದಿನಕ್ಕೆ 12 ಯುನಿಟ್ಟುಗಳಷ್ಟಾಗುತ್ತದೆ. ಒಂದು ಶಾಲೆ, ಒಂದು ವಾಚನಾಲಯ, ಒಂದು ದವಾಖಾನೆ ಮತ್ತು ಒಂದು ಓಣಿಯ ಬೀದಿದೀಪಗಳಿಗೆ ಇದು ಸಣ್ಣ ಮಾತಲ್ಲ.

ಆದರೆ ಇದೇ ಲೆಕ್ಕವು ನಮ್ಮ ಅತ್ಯಾಶೆಗೆ ಕಡಿವಾಣವನ್ನೂ ಹಾಕುತ್ತದೆ. ರೈತನ ಐದು ಅಶ್ವಶಕ್ತಿಯ ಪಂಪಿಗೆ ಸುಮಾರು 3,700 ವ್ಯಾಟ್ ಬೇಕು. ಮೇಲೆ ಹೇಳಿದಂಥ ಏಳೆಂಟು ಗಾಲಿಗಳು ಕೂಡಿದರೆ ಒಂದು ಪಂಪು ತಿರುಗೀತು. ಶಿಗ್ಗಾಂವ ಭಾಗದ ಹೊಲಗಳಿಗೆ ವರದೆಯ ನೀರನ್ನು ಏತ ನೀರಾವರಿಯ ಯಂತ್ರಗಳು ಎತ್ತಿ ಕೊಡಬೇಕಾಗಿದೆ. ಅಂಥ ಯಂತ್ರಗಳನ್ನು ನೀರಗಾಲಿಯಿಂದ ನಡೆಯಿಸುವೆನೆಂದು ಯಾವನಾದರೂ ಹೇಳಿದರೆ ಅವನನ್ನು ನಂಬತಕ್ಕದ್ದಲ್ಲ. ಮಲೆನಾಡಿನ ಉದಾಹರಣೆಯನ್ನು ನಮ್ಮಲ್ಲಿ ಹಾಗೆಯೇ ತಂದು ನೆಡುವದೂ ಸಲ್ಲದು. ಅಲ್ಲಿ ಗುಡ್ಡದ ತುದಿಯ ಕಿರು ತೊರೆಯನ್ನು ಕೊಳವೆಯಲ್ಲಿ ಇಳಿಸಿ, ಸಣ್ಣ ಟರ್ಬೈನಿನಿಂದ ತೋಟದ ಮನೆಗಳು ಬೆಳಕನ್ನು ಪಡೆಯುತ್ತವೆ. ನೀರು ಸ್ವಲ್ಪ, ಎತ್ತರ ಬಹಳ. ನಮ್ಮ ಅರೆಮಲೆನಾಡಿನಲ್ಲಿ ಎತ್ತರ ಸ್ವಲ್ಪ. ಆದುದರಿಂದ ನೀರು ಹೆಚ್ಚು ಬೇಕು. ಕೊಳವೆ ಟರ್ಬೈನಿಗಿಂತ ಅಗಲವಾದ ಗಾಲಿಯೇ ಇಲ್ಲಿಗೆ ತಕ್ಕುದು.

ಗಾಲಿಯನ್ನು ನಿಲ್ಲಿಸುವ ಸ್ಥಳವನ್ನೂ ವಿಚಾರಿಸಬೇಕು. ಇಂಗ್ಲೆಂಡಿನ ಜಾನ್ ಸ್ಮೀಟನ್ ಎಂಬ ಶಿಲ್ಪಿಯು 1759ರಷ್ಟು ಹಿಂದೆಯೇ ಪ್ರಯೋಗಗಳಿಂದ ತೋರಿಸಿದ್ದೇನೆಂದರೆ, ನೀರು ಮೇಲಿನಿಂದ ಬಟ್ಟಲುಗಳಲ್ಲಿ ತುಂಬಿ ತಿರುಗಿಸುವ ಗಾಲಿಯು, ತಳದ ಹರಿವು ತಳ್ಳಿ ತಿರುಗಿಸುವ ಗಾಲಿಗಿಂತ ಸುಮಾರು ಇಮ್ಮಡಿ ಕೆಲಸವನ್ನು ಕೊಡುತ್ತದೆ. ನದಿಯ ನಡುವೆ ಗಾಲಿಯನ್ನಿಟ್ಟರೆ ಮೊದಲ ಮಹಾಪೂರಕ್ಕೆ ಅದು ತೇಲಿಹೋದೀತು. ಕೆರೆಯ ಕೋಡಿ, ಕಾಲುವೆಯ ಮೆಟ್ಟಿಲು, ಹಳೆಯ ಒಡ್ಡಿನ ಮಗ್ಗುಲು, ಇವೇ ನಮಗೆ ಒದಗಿದ ಸ್ಥಳಗಳು. ನಮ್ಮ ಪೂರ್ವಿಕರು ಧರ್ಮಾ ನದಿಗೆ ಒಡ್ಡನ್ನು ಕಟ್ಟಿ, ಕಾಲುವೆಯನ್ನು ತೆಗೆದು, ಕೆರೆಯಿಂದ ಕೆರೆಗೆ ನೀರನ್ನು ಇಳಿಸಿದರಷ್ಟೆ. ಆ ಇಳಿತವೇ ನಮ್ಮ ಬಂಡವಲು. ಕೆರೆಯು ಹೂಳಿನಿಂದ ತುಂಬಿ ಕೋಡಿಯು ಒಡೆದ ಊರಿನಲ್ಲಿ ಗಾಲಿಯ ಮಾತು ವ್ಯರ್ಥ.

ಬೇಸಿಗೆಯಲ್ಲಿ ಹಳ್ಳವು ಬತ್ತುತ್ತದೆಯಲ್ಲ, ಆಗೇನು ಎಂದು ಕೆಲವರು ಕೇಳುವರು. ಆಕ್ಷೇಪಣೆಯು ನ್ಯಾಯವಾದದ್ದು. ಆದರೆ ಈಗ ಹಳ್ಳಿಹಳ್ಳಿಗೂ ಬರುತ್ತಿರುವ ಸೌರಫಲಕಗಳನ್ನು ನೆನೆಯಿರಿ. ಮೋಡ ಕವಿದ ಆಷಾಢ ಶ್ರಾವಣಗಳಲ್ಲಿ ಅವು ಸೊರಗುತ್ತವೆ. ಆಗಲೇ ಹಳ್ಳವು ತುಂಬಿ ಹರಿಯುತ್ತದೆ. ಹಳ್ಳವು ಬತ್ತಿದ ಚೈತ್ರ ವೈಶಾಖಗಳಲ್ಲಿ ಸೂರ್ಯನು ಧಾರಾಳಿಯಾಗುತ್ತಾನೆ. ಒಂದು ಇನ್ನೊಂದರ ಕೊರತೆಯನ್ನು ತುಂಬುವದು. ಗಾಲಿಯನ್ನು ಏಕಾಂಗಿಯನ್ನಾಗಿ ಬಗೆಯದೆ ಜೊತೆಗಾರನೆಂದು ಬಗೆದರೆ ಅದರ ಬೆಲೆ ತಿಳಿಯುತ್ತದೆ.

ಇಷ್ಟಾದರೂ ಗಾಲಿಯು ನಿಲ್ಲುವದು ಹೆಚ್ಚಾಗಿ ನೀರಿನ ಅಭಾವದಿಂದಲ್ಲ, ಆರೈಕೆಯ ಅಭಾವದಿಂದ. ಕಸಕಡ್ಡಿಯನ್ನು ತಡೆವ ಜಾಲರಿಯನ್ನು ದಿನವೂ ತೆಗೆದು ತೊಳೆಯುವವರಾರು? ಅಚ್ಚಿಗೆ ಎಣ್ಣೆಯೂಡುವವರಾರು? ಹರಿದ ಪಟ್ಟಾಕ್ಕೆ ಹಣವೆಲ್ಲಿಯದು? ಉದ್ಘಾಟನೆಯ ದಿನ ಹೂಮಾಲೆಯನ್ನು ಹಾಕಿಸಿಕೊಂಡು ಮರುವರುಷ ತುಕ್ಕು ಹಿಡಿಯುವ ಗಾಲಿಗಿಂತ ಗಾಲಿಯಿಲ್ಲದಿರುವದೇ ಲೇಸು. ಸರಕಾರದ ಕಾಲುವೆಯಲ್ಲಿ ಇಡುವದಾದರೆ ನೀರಾವರಿ ಇಲಾಖೆಯ ಒಪ್ಪಿಗೆಯನ್ನೂ ಪಡೆಯತಕ್ಕದ್ದು. ಗಾಲಿಯು ನೀರನ್ನು ಕುಡಿಯುವದಿಲ್ಲವೆಂಬುದು ನಿಜ. ಆದರೆ ಅದಕ್ಕೋಸ್ಕರ ನೀರನ್ನು ಕಟ್ಟಿ ನಿಲ್ಲಿಸಿದರೆ ಕಾಲುವೆಯ ಕೊನೆಯ ರೈತನ ಗದ್ದೆಯು ಒಣಗೀತು. ಒಬ್ಬನ ದೀಪಕ್ಕೆ ಇನ್ನೊಬ್ಬನ ಪೈರು ಎಣ್ಣೆಯಾಗಬಾರದು.

ಆದುದರಿಂದ ಮೊದಲು ಅಳತೆ, ಆಮೇಲೆ ಗಾಲಿ ಎಂಬುದೇ ನಮ್ಮ ಸೂಚನೆ. ಈ ಕಾರ್ಯಕ್ಕೆ ನಾವು ನಾಲ್ಕೂ ತಾಲೂಕುಗಳ ಶಿಕ್ಷಕ ಬಂಧುಗಳನ್ನು ಕರೆಯುತ್ತೇವೆ. ಇದಕ್ಕೆ ಯಂತ್ರ ಬೇಡ. ಒಂದು ಅಳತೆಪಟ್ಟಿ, ಒಂದು ಗಡಿಯಾರ, ಒಂದು ಕಟ್ಟಿಗೆಯ ತುಂಡು ಸಾಕು. ಕಾಲುವೆಯ ದಂಡೆಯಲ್ಲಿ 10 ಮೀಟರ ಅಂತರದಲ್ಲಿ ಎರಡು ಗೂಟಗಳನ್ನು ನೆಡಿರಿ. ತುಂಡನ್ನು ತೇಲಬಿಟ್ಟು ಎಷ್ಟು ಸೆಕೆಂಡಿನಲ್ಲಿ ದಾಟಿತೆಂದು ನೋಡಿರಿ. ಮೇಲ್ಮೈಯ ನೀರು ತಳದ ನೀರಿಗಿಂತ ವೇಗವಾದುದರಿಂದ ಬಂದ ವೇಗದ ಹತ್ತರಲ್ಲಿ ಎಂಟು ಪಾಲನ್ನು ಮಾತ್ರ ಹಿಡಿಯಿರಿ. ಅದನ್ನು ನೀರಿನ ಅಗಲ, ಆಳಗಳಿಂದ ಗುಣಿಸಿರಿ. ಒಂದು ಮೀಟರ ಅಗಲ, ಅರ್ಧ ಮೀಟರ ಆಳದ ಕಾಲುವೆಯಲ್ಲಿ ತುಂಡು 40 ಸೆಕೆಂಡಿನಲ್ಲಿ ದಾಟಿದರೆ, ನಾವು ಮೇಲೆ ಲೆಕ್ಕಕ್ಕೆ ಹಿಡಿದ ಆ 100 ಲೀಟರ ನೀರು ಅಲ್ಲಿ ಹರಿಯುತ್ತಿದೆಯೆಂದು ತಿಳಿಯಿರಿ. ದೊಡ್ಡವರು ಜೊತೆಗಿದ್ದು, ಪೂರವಿಲ್ಲದ ದಿನ ವಾರಕ್ಕೊಮ್ಮೆ ಇದನ್ನು ಮಾಡಿಸಿ, ವರುಷವಿಡೀ ಬರೆದಿಟ್ಟರೆ ವಿದ್ಯಾರ್ಥಿಗಳಿಗೆ ಗಣಿತವೂ ಬಂತು, ಊರಿಗೆ ತನ್ನ ನೀರಿನ ದಫ್ತರವೂ ಸಿಕ್ಕಿತು. ಆ ದಫ್ತರವನ್ನು ಹಿಡಿದುಕೊಂಡು ಗ್ರಾಮ ಪಂಚಾಯತಿಯವರು ಹಾವೇರಿಯ ಸರಕಾರಿ ಇಂಜಿನಿಯರಿಂಗ ಕಾಲೇಜಿನ ಬಾಗಿಲನ್ನು ತಟ್ಟಲಿ. ಅಂಕಿಗಳಿಲ್ಲದ ಬಿನ್ನಹಕ್ಕಿಂತ ಅಂಕಿಗಳುಳ್ಳ ಬಿನ್ನಹಕ್ಕೆ ಬೇಗ ಉತ್ತರ ದೊರೆಯುತ್ತದೆ.

ನಾಡು ಒಂದಾದುದು ನಕ್ಷೆಯ ಮೇಲೆ ಗೆರೆಗಳನ್ನು ಅಳಿಸಲಿಕ್ಕಷ್ಟೇ ಅಲ್ಲ. ತನ್ನ ನೆಲವನ್ನೂ ನೀರನ್ನೂ ತಾನೇ ಅರಿತು ಬಾಳಲಿಕ್ಕಾಗಿ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರಗಳಲ್ಲಿ ತಾಲೂಕಿಗೊಂದರಂತೆ ನಾಲ್ಕು ಊರುಗಳು ಬರುವ ಮಳೆಗಾಲದಲ್ಲಿ ಈ ಅಳತೆಯನ್ನು ಕೈಕೊಳ್ಳಲಿ. ಅವುಗಳಲ್ಲಿ ಎರಡು ಕಡೆಗೆ ಗಾಲಿಯು ಸಲ್ಲದೆಂದು ತೇಲಿದರೆ ಅದೂ ಲಾಭವೇ. ಪೋಲಾಗಲಿದ್ದ ಹಣವು ಉಳಿಯಿತು. ಉಳಿದೆರಡರಲ್ಲಿ ಶಾಲೆಯ ದೀಪವು ಹತ್ತಿದರೆ, ಅದರ ಬೆಳಕಿನಲ್ಲಿ ಓದುವ ಮಗುವಿಗೆ ಆ ಬೆಳಕು ಎಲ್ಲಿಂದ ಬಂತೆಂಬುದು ತಿಳಿದಿರುವದು.