ಇಂಜೆಕ್ಟರಿಗೆ ದುಡ್ಡು ಕಟ್ಟೋ ಮೊದಲು ಪೈಪ್ ನೋಡ್ರಿ

ಹೋದ ಮಳೆಗಾಲದಾಗ ನನ್ನ ಹಳೇ ಡೀಸೆಲ್ ಕಾರು ಮಿಸ್ ಹೊಡೆಯೋಕೆ ಶುರು ಮಾಡ್ತು. ಬೆಳಿಗ್ಗೆ ಸೆಲ್ಫ್ ಬಹಳ ಹೊತ್ತು ಹೊಡೀಬೇಕು. ಸ್ಟಾರ್ಟ್ ಆದಮೇಲೆ ಎರಡು ನಿಮಿಷ ಗಡಗಡ ನಡುಗಿ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಂಗ ಓಡೋದು. ಮೋರಖಂಡಿಯಿಂದ ತರಕಾರಿ ಹೇರಿಕೊಂಡು ಹುಮನಾಬಾದಿಗೆ ಹೊರಟ ದಿನ ಹಿಂಗಾದ್ರೆ ಜೀವ ಬಾಯಿಗೆ ಬರ್ತದ. ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ಐದು ನಿಮಿಷ ಕೇಳಿ, “ಇಂಜೆಕ್ಟರ್ ಹೋಗ್ಯಾವ್ರಿ. ನಾಲ್ಕೂ ಬದ್ಲಿ ಮಾಡ್ಬೇಕು, ನಲವತ್ತು ಸಾವಿರ ಹಿಡೀರಿ” ಅಂದ್ರು.

ಎಲೆ ಹಳದಿ ಆದ ತಕ್ಷಣ ಯೂರಿಯಾ ಚೆಲ್ಲೋದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಬೇರಿಗೆ ನೀರು ನಿಂತರೂ ಎಲೆ ಹಳದಿ ಆಗ್ತದಲ್ಲ? ಭಾಗ ಬದಲಿಸೋದು ರೋಗ ಪತ್ತೆ ಅಲ್ಲ.

ನಾಲ್ಕು ಇಂಜೆಕ್ಟರ್ ಒಂದೇ ದಿನ ಕೆಡೋದು ಅಪರೂಪ. ಅದಕ್ಕೇ ಮೊದಲು ಯಾವಾಗ ಮಿಸ್ ಆಗ್ತದ ಅನ್ನೋದನ್ನ ಹಿಡೀಬೇಕು. ರಾತ್ರಿಯೆಲ್ಲ ನಿಂತ ಮೇಲೆ ಮಾತ್ರ ಆದರೆ ಹೀಟರ್ ಪ್ಲಗ್ ಇರಬಹುದು, ಇಲ್ಲಾ ಡೀಸೆಲ್ ಪೈಪು ಗಾಳಿ ಎಳೀತಿರಬಹುದು. ಏರು ಹತ್ತುವಾಗ, ಲೋಡ್ ಇದ್ದಾಗ ಎಳೀದಿದ್ದರೆ ಫಿಲ್ಟರ್ ಕಟ್ಟಿರಬಹುದು. ಹೊಗೆನೂ ಮಾತಾಡ್ತದ: ಕಪ್ಪು ಹೊಗೆ ಅಂದ್ರೆ ಗಾಳಿ ಸಾಲ್ತಿಲ್ಲ ಇಲ್ಲಾ ಡೀಸೆಲ್ ಜಾಸ್ತಿ, ನೀಲಿ ಅಂದ್ರೆ ಎಂಜಿನ್ ಆಯಿಲ್ ಸುಡ್ತಿದೆ, ಕಣ್ಣು ಉರಿಸೋ ಬಿಳಿ ಹೊಗೆ ಅಂದ್ರೆ ಡೀಸೆಲ್ ಪೂರ್ತಿ ಸುಡ್ತಿಲ್ಲ. ಗ್ಯಾರೇಜ್ ಮುಟ್ಟೋದ್ರಾಗ ಎಂಜಿನ್ ಬಿಸಿಯಾಗಿ ಮಿಸ್ಸಿಂಗ್ ಮಾಯ ಆಗಿರ್ತದ. ಹಂಗಾಗಿ ಬೆಳಿಗ್ಗೆ ಮೊದಲ ಸ್ಟಾರ್ಟನ್ನೇ ಮೊಬೈಲಿನಲ್ಲಿ ವಿಡಿಯೋ ಮಾಡ್ರಿ, ಸೈಲೆನ್ಸರ್ ಕಡೆಯಿಂದಲೂ ಒಂದು.

ಆಮೇಲೆ ಎಂಜಿನ್ ಆಫ್ ಮಾಡಿ, ಫಿಲ್ಟರಿನ ತಳದ ಡ್ರೇನ್ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲನ್ನ ಗಾಜಿನ ಬಾಟಲಿಗೆ ಬಿಡ್ರಿ. ಹತ್ತು ನಿಮಿಷ ಬಿಟ್ಟರೆ ನೀರು ಕೆಳಗೆ ಕೂರ್ತದ. ಹೊಲದ ಡ್ರಮ್ಮಿನ ಡೀಸೆಲ್ ಕಾರಿಗೂ ಹಾಕೋರಿಗೆ ಇದು ಚೆನ್ನಾಗಿ ಗೊತ್ತಿರಬೇಕು. ಅರ್ಧ ಖಾಲಿ ಡ್ರಮ್ಮಿನೊಳಗೆ ರಾತ್ರಿ ತಂಪಿಗೆ ಗೋಡೆ ಬೆವರ್ತದ, ಆ ನೀರೆಲ್ಲ ತಳಕ್ಕೆ.

ನನ್ನ ಕಾರಿನಾಗ ನೀರು ಸಿಗಲಿಲ್ಲ. ಟ್ಯಾಂಕಿನೊಳಗೆ ಪಂಪ್ ಇಲ್ಲದ ಗಾಡಿ ಅದು, ಎಂಜಿನ್ ಕಡೆಯ ಪಂಪೇ ಡೀಸೆಲ್ ಎಳೀತದ. ಇಂಥದರಲ್ಲಿ ಪೈಪು ಸೀಳಿದರೆ ಡೀಸೆಲ್ ಹೊರಗೆ ಸೋರದೇನೂ ಇರಬಹುದು, ಗಾಳಿ ಮಾತ್ರ ಒಳಗೆ ಹೋಗ್ತದ. ನೆಲ ಒಣಗಿದ್ದಕ್ಕೇ ಎಲ್ಲರೂ ಮೋಸ ಹೋಗಿದ್ವಿ. ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಅಣ್ಣ ಫಿಲ್ಟರ್ ಮುಂದೆ ಒಂದು ಗೇಣು ಪಾರದರ್ಶಕ ಪೈಪ್ ಸಿಗಿಸಿ ಸ್ಟಾರ್ಟ್ ಮಾಡಿದ. ಗುಳ್ಳೆ ಸಾಲುಸಾಲಾಗಿ ಹೊಂಟಿದ್ವು. ಹಿಂದಿನ ತಿಂಗಳು ಫಿಲ್ಟರ್ ಬದಲಿಸಿದಾಗ ಹಳೇ ರಬ್ಬರ್ ಪೈಪಿನ ತುದಿ ಸೀಳಿತ್ತು. ಹೊಸ ಪೈಪು, ಎರಡು ಕ್ಲಿಪ್ಪು, ಮುನ್ನೂರು ರೂಪಾಯಿ.

ಒಂದು ಮಾತ್ರ ಕೈಮುಗಿದು ಹೇಳ್ತೀನಿ. ಹಳೇ ಟ್ರ್ಯಾಕ್ಟರಿನಾಗ ಇಂಜೆಕ್ಟರ್ ಪೈಪಿನ ನಟ್ ಒಂದೊಂದೇ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ನೋಡ್ತಿದ್ವಲ್ಲ, ಆ ಕೆಲಸ ಕಾಮನ್ ರೇಲ್ ಕಾರಿನಾಗ ಮಾಡಲೇಬಾರದು. ಟೈರಿನೊಳಗಿನ ಒತ್ತಡ ಎರಡು ಬಾರ್ ಚಿಲ್ಲರೆ. ಇಲ್ಲಿ 1,600 ಬಾರ್‌ವರೆಗೂ ಹೋಗ್ತದ. ಸೂಜಿಯಂಥ ಡೀಸೆಲ್ ಧಾರೆ ಚರ್ಮದೊಳಗೆ ಹೊಕ್ಕರೆ ಹೊರಗೆ ಸಣ್ಣ ಚುಕ್ಕೆ ಅಷ್ಟೇ ಕಾಣ್ತದ, ಆದ್ರೆ ಬೆರಳೇ ಹೋಗಬಹುದು. ತಕ್ಷಣ ಆಸ್ಪತ್ರೆಗೆ ಹೋಗ್ಬೇಕು.

ಸ್ಕ್ಯಾನರ್ ಬೇಡ ಅಂತಿಲ್ಲ. ಆದರೆ ‘ರೇಲ್ ಪ್ರೆಷರ್ ಕಡಿಮೆ’ ಅನ್ನೋ ಕೋಡ್ ಕಟ್ಟಿದ ಫಿಲ್ಟರಿಗೂ ಬರ್ತದ, ಗಾಳಿಗೂ ಬರ್ತದ, ಸವೆದ ಪಂಪಿಗೂ ಬರ್ತದ. ಇವೆಲ್ಲ ನೋಡಿದ ಮೇಲೂ ಇಂಜೆಕ್ಟರ್ ಅಂದ್ರೆ, ರಿಟರ್ನ್ ಟೆಸ್ಟ್ ಮಾಡಿಸ್ರಿ. ನಾಲ್ಕು ರಿಟರ್ನ್ ಪೈಪಿಗೆ ನಾಲ್ಕು ಬಾಟಲಿ. ಒಂದೇ ಬಾಟಲಿ ಬೇಗ ತುಂಬಿದರೆ ಆ ಒಂದನ್ನೇ ಬಿಚ್ಚಿಸಿ ಬೆಂಚಿನ ಮೇಲೆ ಪರೀಕ್ಷೆ ಮಾಡಿಸ್ರಿ. ಉಳಿದ ಮೂರಕ್ಕೆ ಯಾಕ್ರೀ ದುಡ್ಡು?