ದಾಂಡಿಗನಿಗೆ ದಾಂಡು, ದಾಂಡಿಗೆ ದಾಂಡಿಗನಲ್ಲ

ಬ್ಯಾಟು ಕೊಳ್ಳುವ ವಿಷಯದಲ್ಲಿ ಮುಂಬಯಿಯವರು ದಡ್ಡರು ಎಂದರೆ ಸಾಂತಾಕ್ರೂಜ್‌ನ ನನ್ನ ಕಿಟಕಿಗೆ ಚೆಂಡು ಬಿದ್ದೀತು. ಆದರೂ ಹೇಳುತ್ತೇನೆ. ಶಿವಾಜಿ ಪಾರ್ಕು, ಆಜಾದ್ ಮೈದಾನ, ಕ್ರಾಸ್ ಮೈದಾನಗಳ ಊರು ಇದು. 1948ರಿಂದ ಮಳೆಗಾಲದಲ್ಲೇ ಕಾಂಗಾ ಲೀಗ್ ಆಡಿಕೊಂಡು ಬಂದ ಊರು. ಇಂಥ ಊರಿನ ಅಪ್ಪ ಅಮ್ಮಂದಿರು ಧೋಬಿ ತಲಾವಿನ ಅಂಗಡಿಗೆ ಹೋಗಿ ಕೇಳುವುದು ಎರಡೇ ಪ್ರಶ್ನೆ: ಯಾರ ಸ್ಟಿಕರ್ ಇದೆ, ಎಷ್ಟು ಕಡಿಮೆ ಮಾಡ್ತೀರಿ? ಬ್ಯಾಟು ಹಿಡಿಯಬೇಕಾದ ಮಗು ಹೇಗೆ ಹೊಡೆಯುತ್ತದೆ ಎಂದು ಕೊಳ್ಳುವವರೂ ಯೋಚಿಸುವುದಿಲ್ಲ, ಮಾರುವವರೂ ವಿಚಾರಿಸುವುದಿಲ್ಲ.

ಅನುವಾದ ನನ್ನ ಹೊಟ್ಟೆಪಾಡು. ಆಟದ ಸಾಮಾನು ಮಾರುವವರ ವಿವರಣೆಗಳನ್ನು ಕನ್ನಡಕ್ಕೆ ತರುವ ಕೆಲಸವೂ ಬಂದಿತ್ತು. ಅದರಲ್ಲಿ ಅಮೆರಿಕದ ಸ್ಲೋ-ಪಿಚ್ ಸಾಫ್ಟ್‌ಬಾಲ್ ಬ್ಯಾಟುಗಳಿದ್ದವು. ಆ ಆಟದಲ್ಲಿ ಚೆಂಡನ್ನು ಕೈಕೆಳಗಿಂದ, ಕಮಾನಿನಂತೆ ಏರಿ ಇಳಿಯುವ ಹಾಗೆ ಎಸೆಯುತ್ತಾರೆ. ಬ್ಯಾಟು 34 ಇಂಚು ಮೀರುವಂತಿಲ್ಲ. ಹೆಚ್ಚಿನವರ ಕೈಯಲ್ಲಿರುವುದು 26ರಿಂದ 30 ಔನ್ಸಿನದು. ತೂಕದ ಜೊತೆಗೇ ಅದು ಎಲ್ಲಿ ಕೂತಿದೆ ಎಂಬುದನ್ನೂ ಅಲ್ಲಿ ಹೇಳುತ್ತಾರೆ. ಸಂದು ನೋಡಿ ಚೆಂಡು ತೂರಿಸುವವರಿಗೆ ಸಮತೂಕದ ಬ್ಯಾಟು, ಬೇಲಿ ದಾಟಿಸುವ ಕಸುವುಳ್ಳವರಿಗೆ ತುದಿಭಾರದ ಬ್ಯಾಟು. ನೀನು ಎಂಥ ಹೊಡೆತಗಾರ ಎಂಬ ಪ್ರಶ್ನೆಯಿಂದಲೇ ವ್ಯಾಪಾರ ಶುರು. ಅದೇ ಕಂತೆಯಲ್ಲಿದ್ದ ಕ್ರಿಕೆಟ್ ಬ್ಯಾಟುಗಳ ವಿವರಣೆಯಲ್ಲಿ ಆ ಪ್ರಶ್ನೆಯ ಸುಳಿವೇ ಇರಲಿಲ್ಲ. ಇದ್ದದ್ದು ವಿಶೇಷಣಗಳ ಮೆರವಣಿಗೆ.

"ಸಚಿನ್ ಭಾರದ ಬ್ಯಾಟಲ್ಲೇ ಆಡಲಿಲ್ವೇನ್ರೀ?" ಎಂದು ನಮ್ಮ ಕಟ್ಟಡದ ಹಿರಿಯರು ಕೇಳುತ್ತಾರೆ. ಆಡಿದರು. ಸುಮಾರು 1.4 ಕಿಲೊ ತೂಕದ್ದು. ಆದರೆ ಅವರು ಹಿಡಿಯ ತೀರ ಕೆಳಗೆ ಕೈಯಿಟ್ಟು ಹಿಡಿಯುತ್ತಿದ್ದರು, ಚಿಕ್ಕಂದಿನಲ್ಲಿ ಅಣ್ಣನ ದೊಡ್ಡ ಬ್ಯಾಟಿನಿಂದ ಅಂಟಿದ ರೂಢಿಯದು. ಕೈ ಕೆಳಗೆ ಬಂದಷ್ಟೂ ಬ್ಯಾಟಿನ ತುದಿ ಹತ್ತಿರವಾಗುತ್ತದೆ, ಭಾರ ಹತೋಟಿಗೆ ಸಿಗುತ್ತದೆ. ಆ ಹಿಡಿತ ಬಿಟ್ಟು ಬರೀ ತೂಕ ನಕಲು ಮಾಡಿದರೆ ನಾವು ತಂದದ್ದು ಅರ್ಧ ಸಚಿನ್‌ರನ್ನು, ಅದೂ ಉಪಯೋಗಕ್ಕೆ ಬಾರದ ಅರ್ಧ. ಅತ್ತ ಬ್ರಾಡ್ಮನ್ ಒಂದು ಕಿಲೊ ಆಸುಪಾಸಿನ ಬ್ಯಾಟಿನಲ್ಲಿ 99.94ರ ಸರಾಸರಿ ಗಳಿಸಿ ಹೋದರು. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ.

ಲೆಕ್ಕ ಬೇಕೆನ್ನುವವರು ನಮ್ಮ ಗಲ್ಲಿಗಳ ಅಂಡರ್‌ಆರ್ಮ್ ಕ್ರಿಕೆಟನ್ನೇ ನೋಡಲಿ. ಸ್ಲೋ-ಪಿಚ್‌ಗೆ ನಮ್ಮಲ್ಲಿರುವ ಹತ್ತಿರದ ನೆಂಟ ಅದು. ವೇಗದ ಬೌಲರ್ ಇದ್ದರೆ ಅವನ ವೇಗದ ಒಂದು ಪಾಲು ಚೆಂಡಿನೊಂದಿಗೆ ವಾಪಸು ಹೋಗುತ್ತದೆ. ಕೈಕೆಳಗಿಂದ ಬಂದ ಚೆಂಡಿನಲ್ಲಿ ಆ ಬಂಡವಾಳವೇ ಇಲ್ಲ. ವೇಗವೆಲ್ಲ ಬ್ಯಾಟಿನ ಬೀಸಿನಿಂದ ಬರಬೇಕು. ಬ್ಯಾಟು ಭಾರವಾದಂತೆ ಬೀಸು ನಿಧಾನವಾಗುತ್ತದೆ. ತೂಕ ಹೆಚ್ಚಾದದ್ದರಿಂದ ಸಿಕ್ಕಿದ ಲಾಭವನ್ನು ಒಂದು ಹಂತದ ಮೇಲೆ ವೇಗದ ನಷ್ಟ ತಿಂದುಹಾಕುತ್ತದೆ. ಆ ಹಂತ ಒಬ್ಬೊಬ್ಬರ ತೋಳಿಗೂ ಬೇರೆ ಬೇರೆ. ಮೇಲಾಗಿ, ಎಷ್ಟೋ ಗಲ್ಲಿಗಳಲ್ಲಿ ಚೆಂಡು ನೇರವಾಗಿ ಗೋಡೆ ದಾಟಿದರೆ ಔಟ್. ಅಲ್ಲಿ ಗೆಲ್ಲುವುದು ಮಣಿಕಟ್ಟು. ಅಂಥ ಕಡೆಗೂ ಜನ ದಪ್ಪ ಅಂಚಿನ ಬ್ಯಾಟು ಹೊತ್ತು ತರುತ್ತಾರೆ!

ತಕ್ಕಡಿಯ ತೂಕವೇ ಕೈಯ ತೂಕವಲ್ಲ. 1,180 ಗ್ರಾಮಿನ ಎರಡು ಬ್ಯಾಟು ಎತ್ತಿ ನೋಡಿ. ಒಂದು ಹಗುರ ಅನ್ನಿಸಬಹುದು, ಇನ್ನೊಂದು ಕೈ ಎಳೆಯಬಹುದು. ಬೆನ್ನಿನ ಉಬ್ಬು ಎಲ್ಲಿದೆ ಎಂಬುದೇ ಕಾರಣ. ಉಬ್ಬು ಕೆಳಗಿದ್ದರೆ ಮುಂಗಾಲಿಗೆ ಬಂದು ಡ್ರೈವ್ ಮಾಡುವವರಿಗೆ, ಚೆಂಡು ತಗ್ಗಿ ಬರುವ ಪಿಚ್‌ಗಳಿಗೆ ಒಳ್ಳೆಯದು. ಮೇಲಿದ್ದರೆ ಹಿಂಗಾಲಿನ ಮೇಲೆ ನಿಂತು ಕಟ್, ಪುಲ್ ಮಾಡುವವರಿಗೆ. ಇಷ್ಟು ಹೇಳಲು ಅಂಗಡಿಯವರಿಗೆ ಒಂದು ನಿಮಿಷ ಸಾಕು. ಅವರು ಹೇಳುವುದು ಗೆರೆಗಳ ಭವಿಷ್ಯ. ಇಂಗ್ಲಿಷ್ ವಿಲ್ಲೋ ಬ್ಯಾಟಿನ ಮುಖದ ಒಂದೊಂದು ಗೆರೆಯೂ ಮರದ ಒಂದೊಂದು ವರ್ಷದ ಬೆಳವಣಿಗೆ. ಒತ್ತಾದ ಗೆರೆಯ ಬ್ಯಾಟು ಬೇಗ ಪಳಗುತ್ತದೆ, ಸಾಮಾನ್ಯವಾಗಿ ಬೇಗ ಸವೆಯುತ್ತದೆ ಕೂಡ. ಎರಡನೆಯ ಮಾತನ್ನು ನುಂಗಿ, ಮೊದಲನೆಯದಕ್ಕೆ ಬೆಲೆ ಕಟ್ಟುತ್ತಾರೆ. ಟೆನಿಸ್ ಚೆಂಡಿನಲ್ಲಷ್ಟೇ ಆಡುವ ಹುಡುಗನಿಗೆ ಇಂಗ್ಲಿಷ್ ವಿಲ್ಲೋ ದಂಡ. ಹಗುರಾದ ಕಾಶ್ಮೀರ ವಿಲ್ಲೋ ಧಾರಾಳ ಸಾಕು.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು "ಬೆಳೀತಾನಲ್ಲ, ದೊಡ್ಡದೇ ಇರಲಿ" ಎಂಬ ಮಾತಿಗೆ. ಸ್ಕೂಲ್ ಯೂನಿಫಾರ್ಮಿನ ತರ್ಕ ಇದು. ಅಂಗಿ ದೊಡ್ಡದಾದರೆ ತೋಳು ಮಡಚಬಹುದು, ಬ್ಯಾಟನ್ನು ಮಡಚುವುದು ಹೇಗೆ? ಹತ್ತು ವರ್ಷದ ಮಗುವಿಗೆ ಭಾರದ ಬ್ಯಾಟು ಕೊಟ್ಟರೆ ಮೇಲಿನ ಕೈ ಸೋಲುತ್ತದೆ, ಕೆಳಗಿನ ಕೈ ಯಜಮಾನಿಕೆ ವಹಿಸುತ್ತದೆ, ನೇರ ಬರಬೇಕಾದ ಬ್ಯಾಟು ಅಡ್ಡ ಬರುತ್ತದೆ, ಚೆಂಡು ಬಂದು ಹೋದ ಮೇಲೆ ಬೀಸು ಮುಗಿಯುತ್ತದೆ. ಆಮೇಲೆ ಕೋಚ್ ಬೈಯುವುದು ಮಗುವನ್ನೇ. ಮನೆಯಲ್ಲೂ "ಇವನಿಗೆ ಆಟ ಬರಲ್ಲ" ಎಂಬ ತೀರ್ಪು. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಅಣ್ಣ ಬಿಟ್ಟ ಬ್ಯಾಟೇ ಅವಳ ಪಾಲಿಗೆ. ಅದರಲ್ಲಿ ಹೊಡೆಯಲಾಗದಿದ್ದರೆ, ಆಟ ಹುಡುಗಿಯರಿಗಲ್ಲ ಎಂಬ ಪ್ರವಚನ. ಸಣ್ಣವರಿಗೆಂದೇ 1ರಿಂದ 6ರವರೆಗೆ, ಆಮೇಲೆ ಹ್ಯಾರೋ ಎಂದು ಅಳತೆಗಳಿವೆ. ಬ್ಯಾಟಿನ ಮೇಲಿನ ಕೈಯೊಂದರಲ್ಲೇ, ತೋಳು ಚಾಚಿ, ಭುಜದ ಎತ್ತರಕ್ಕೆ ಅದನ್ನು ಹತ್ತು ಎಣಿಸುವಷ್ಟು ಹೊತ್ತು ಹಿಡಿಯಲು ಹೇಳಿ. ನಡುಗಿದರೆ ಅಂಗಡಿಯಲ್ಲೇ ವಾಪಸು ಇಡಿ. ಈ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ.

ಭಾಷೆಯೂ ಇಲ್ಲಿ ಸ್ವಲ್ಪ ತಪ್ಪಿತಸ್ಥೆ. ನಮ್ಮ ಪತ್ರಿಕೆಗಳು ಬ್ಯಾಟುಗಾರನನ್ನು ದಾಂಡಿಗ ಎಂದವು. ದಾಂಡು ಹಿಡಿದವನು ಎಂಬುದು ಸರಿಯೇ. ಆದರೆ ಕನ್ನಡದಲ್ಲಿ ದಾಂಡಿಗ ಎಂದರೆ ದಷ್ಟಪುಷ್ಟ ಆಳು ಎಂದೂ ಅರ್ಥ. ಪದ ಕೇಳಿದೊಡನೆ ಕಣ್ಣ ಮುಂದೆ ಗದೆ ಹೊತ್ತ ಭೀಮಸೇನ ನಿಲ್ಲುತ್ತಾನೆ. ಅದೇ ದಾಂಡು ಇರುವ ಚಿನ್ನಿದಾಂಡಿನಲ್ಲಿ ನಮ್ಮ ಹಿರಿಯರು ಜಾಣರಾಗಿದ್ದರು. ಆಡುವವರೇ ಕೊಂಬೆ ಕಡಿದು ತಮ್ಮ ತೋಳಿಗೆ ತಕ್ಕಂತೆ ಕೆತ್ತಿಕೊಳ್ಳುತ್ತಿದ್ದರು. ಚಿನ್ನಿ ಬಿದ್ದ ದೂರವನ್ನು ಅದೇ ದಾಂಡಿನಲ್ಲಿ ಅಳೆಯಬೇಕಿದ್ದರಿಂದ, ಉದ್ದದ ದಾಂಡು ದೂರ ಹೊಡೆದರೂ ಎಣಿಕೆ ಕಡಿಮೆ ಬರುತ್ತಿತ್ತು. ದೊಡ್ಡದೇ ಒಳ್ಳೆಯದು ಎಂಬ ಭ್ರಮೆಗೆ ಆಟದಲ್ಲೇ ದಂಡವಿತ್ತು.

ಕ್ರಿಕೆಟ್‌ನ ಕಾನೂನು ಬ್ಯಾಟಿನ ಅಗಲವನ್ನು 10.8 ಸೆಂಟಿಮೀಟರಿಗೆ ಕಟ್ಟಿದೆ. 2017ರ ಅಕ್ಟೋಬರ್‌ನಿಂದ ಅಂಚು 40 ಮಿಲಿಮೀಟರ್, ದಪ್ಪ 67 ಮಿಲಿಮೀಟರ್ ಮೀರುವಂತಿಲ್ಲ. ತೂಕಕ್ಕೆ ಮಾತ್ರ ಮಿತಿಯಿಲ್ಲ. ಅದೊಂದನ್ನು ಆಡುವವರ ಕೈಗೆ ಬಿಟ್ಟಿದ್ದಾರೆ. ಆ ಕೈಯಿಂದ ಕಿತ್ತು ಸ್ಟಿಕರ್‌ಗೆ ಒಪ್ಪಿಸಲು ನಾವ್ಯಾರು? ಮುಂದಿನ ಸಲ ಧೋಬಿ ತಲಾವಿಗೆ ಹೋದಾಗ ಮಗುವನ್ನು ಕರೆದುಕೊಂಡು ಹೋಗಿ. ಹತ್ತು ಬ್ಯಾಟು ಎತ್ತಿ ಬೀಸಲಿ. ನೀವು ದುಡ್ಡು ಕೊಡಿ, ಬಾಯಿ ಮುಚ್ಚಿಕೊಂಡಿರಿ.